ಸಂಕವ್ವ ಪಳಗಿಸಿದ ಅವಸರದ ಬಂದೂಕು

ನಮ್ಮೂರಲ್ಲಿ ಗುರಿ ತಪ್ಪಿದ ಗುಂಡು ಮರುದಿನ ಮನೆಗೆ ಬರುತ್ತದೆ. ಬೇರೆ ಊರುಗಳಲ್ಲಿ ಅದು ಎಲ್ಲಿಗೆ ಹೋಗುತ್ತದೋ ನನಗೆ ತಿಳಿಯದು, ಅಲ್ಲಿಯವರನ್ನು ಕೇಳಿದರೆ ನಗುತ್ತಾರೆ. ಇಲ್ಲಿ ಮಾತ್ರ ಮಧ್ಯಾಹ್ನದ ಊಟ ಮುಗಿದು ಹೆಂಗಸರು ಎಲೆಗೆ ಸುಣ್ಣ ಹಚ್ಚುವ ಹೊತ್ತಿಗೆ ಅದು ಓಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕರೀ ದುಂಬಿಯ ಹಾಗೆ ಗುಂಯ್‌ಗುಡುತ್ತ, ಎದೆಯೆತ್ತರದಲ್ಲಿ, ನಿಧಾನಕ್ಕೆ ಬರುತ್ತದೆ. ಎಮ್ಮೆ ಅಡ್ಡ ನಿಂತರೆ ಅದು ಸರಿಯುವ ತನಕ ಕಾಯುತ್ತದೆ. ಹೀಗಾಗಿ ಬಂದೂಕು ಇರುವ ಮನೆಗಳಿಗೆ ಎರಡು ತುಂಡಿನ ಬಾಗಿಲು. ಕೆಳಗಿನದು ಕೋಳಿ ನುಗ್ಗದಂತೆ ಮುಚ್ಚಿರುತ್ತದೆ, ಮೇಲಿನದು ಗುಂಡಿಗಾಗಿ ತೆರೆದಿರುತ್ತದೆ. ಹೊಡೆದವನು ನಡುಮನೆಯಲ್ಲಿ ಕೂತು, ಅಂಗೈ ಒಡ್ಡಿ, ಯಾತಕ್ಕೆ ಹೊಡೆದೆ ಎಂದು ಹೇಳಬೇಕು. ಹೇಳಿದ್ದು ಖರೆ ಇದ್ದರೆ ಗುಂಡು ಅಂಗೈಯಲ್ಲಿ ಕೂರುತ್ತದೆ, ಕೊಡದ ನೀರಿನಷ್ಟು ತಣ್ಣಗೆ. ಖರೆ ಅಲ್ಲದಿದ್ದರೆ ಕೂರುವುದಿಲ್ಲ.

ಇದರಿಂದ ನಮ್ಮವರಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಇದ್ದವು ಒಂಟಿ ಗುಂಡಿನ ಬಂದೂಕುಗಳು, ಒಂದು ಸಲ ಹೊಡೆದರೆ ಮತ್ತೆ ತುಂಬುವಷ್ಟರಲ್ಲಿ ಬೇಟೆ ಮೂರು ಗುಡ್ಡ ದಾಟಿರುತ್ತಿತ್ತು. ಒಂದು ಗುಂಡಿಗೆ ಒಂದು ಮಾತು ಹೇಳುವುದು ಯಾರಿಗೂ ಭಾರವಲ್ಲ. ನಗೆಪಾಟಲು ಮಾತ್ರ ಆಗುತ್ತಿತ್ತು. ಆ ಕಾಲಕ್ಕೆ ಕಟ್ಟೆಯ ಹಿರಿಯನಾಗಿ ನ್ಯಾಯ ಹೇಳುತ್ತಿದ್ದ ಯಂಕೋಬಪ್ಪ ತನ್ನ ಹರೆಯದಲ್ಲಿ ಒಮ್ಮೆ, ಕೌಜುಗಕ್ಕೆ ಹೊಡೆದೆ ಎಂದು ಅಂಗೈ ಒಡ್ಡಿ ಹೊತ್ತು ಮುಳುಗುವ ತನಕ ಕೂತಿದ್ದ. ಗುಂಡು ಅವನ ಮೂಗಿನ ಮುಂದೆಯೇ ತಿರುಗುತ್ತಿತ್ತು. ಕಡೆಗೆ ಅವನ ಹೆಂಡತಿ ಒಲೆಯ ಮುಂದಿನಿಂದಲೇ ಕೂಗಿದಳು, "ಫಕೀರವ್ವನ ಹುಂಜಕ್ಕ ಅಂತ ಹೇಳಿ ಕೈ ತೊಳಕೋಬಾರದ? ರೊಟ್ಟಿ ಆರಾಕತ್ತಾವ!" ಅವನು ಹೇಳಿದ, ಗುಂಡು ಕೂತಿತು. ಫಕೀರವ್ವ ಮಾತ್ರ ಕಡೆತನಕ ಅವನನ್ನು ಕಂಡರೆ ಕೊಕ್ಕೊಕ್ಕೋ ಅನ್ನುತ್ತಿದ್ದಳು.

ಅವಸರದ ಬಂದೂಕನ್ನು ಊರಿಗೆ ತಂದವನು ನನ್ನ ಅಣ್ಣ ಬಂಡೆಪ್ಪ. ಹೊರಗಿನಿಂದ ಬೇಟೆಗೆ ಬರುತ್ತಿದ್ದ ಒಬ್ಬ ಸಾಹುಕಾರನಿಗೆ ಎರಡು ಕೊಬ್ಬಿದ ಟಗರು ಕೊಟ್ಟು ತಂದ. ಒಂದು ಹೊಡೆದರೆ ಆಯಿತು, ಖಾಲಿ ತೋಟೆಯನ್ನು ತಾನೇ ಉಗುಳಿ, ಮುಂದಿನದನ್ನು ತಾನೇ ನುಂಗಿ, ಆ ಬಂದೂಕು ಮತ್ತೆ ಸಿದ್ಧವಾಗಿರುತ್ತಿತ್ತು. ಬೆರಳಿಡುವ ಕುದುರೆಯನ್ನು ಒತ್ತಿದಷ್ಟು ಸಲ ಗುಂಡು. ಊರವರು ಅದಕ್ಕೆ ಅವಸರದ ಬಂದೂಕು ಎಂದು ಹೆಸರಿಟ್ಟರು. ಅಣ್ಣ ಅದನ್ನು ಹೆಗಲಿಗೇರಿಸಿ ಓಣಿಯಲ್ಲಿ ನಡೆದಾಗ ನನಗೂ ಎದೆ ಉಬ್ಬಿತ್ತು. ಸುಳ್ಳು ಯಾಕೆ ಹೇಳಲಿ, ಚೆಂದದ ಬಂದೂಕು ಅದು.

ಆ ವರ್ಷ ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಒಂದು ಒಂಟಿ ಹಂದಿ ಹೊಲಗಳನ್ನು ಹಾಳುಮಾಡಲು ಶುರುಮಾಡಿತು. ಒಂದು ಬೆಳಗ್ಗೆ, ಮಂಜು ಇನ್ನೂ ಕರಗದ ಹೊತ್ತಿನಲ್ಲಿ, ಅಣ್ಣ ನಮ್ಮ ಹೊಲದ ಅಟ್ಟಣೆ ಮೇಲೆ ಬಂದೂಕು ಹಿಡಿದು ಕೂತ. ಹಂದಿಯನ್ನು ಅವನ ಕಡೆಗೆ ಎಬ್ಬಿಸಲು ನಾನು ಕಂಬಳಿ ಹೊದ್ದು ಡಬ್ಬ ಬಡಿಯುತ್ತ ಆಚೆ ಕಡೆಯಿಂದ ಹೊರಟೆ. ಹಂದಿ ಎದ್ದಿತು. ಅಣ್ಣನ ಬಂದೂಕು ನಾಲ್ಕು ಸಲ ಕೂಗಿತು, ಒಂದರ ಬಾಲ ಒಂದು ಹಿಡಿದಂತೆ. ಹಂದಿ ಗುಡ್ಡ ಹತ್ತಿ ಹೋಯಿತು. ನಾನು ಬೈದುಕೊಳ್ಳುತ್ತ ಅಟ್ಟಣೆಗೆ ಬಂದಾಗ ಅಣ್ಣನ ಮುಖ ಬೂದಿಯಾಗಿತ್ತು. ಹಂದಿ ತಪ್ಪಿದ್ದಕ್ಕೆ ಎಂದುಕೊಂಡೆ.

ಮರುದಿನ ನಾಲ್ಕು ಗುಂಡುಗಳು ಬಾತುಕೋಳಿಯ ಸಾಲಿನ ಹಾಗೆ ಓಣಿಯಲ್ಲಿ ಬಂದವು. ಅಂಥದ್ದನ್ನು ಯಾರೂ ನೋಡಿರಲಿಲ್ಲ. ಅರ್ಧ ಊರೇ ನಮ್ಮ ಬಾಗಿಲಲ್ಲಿತ್ತು. ಅಣ್ಣ ಅಂಗೈ ಒಡ್ಡಿ, "ಹಂದಿಗೆ" ಅಂದ. ಮೊದಲನೆಯದು ಕೂತಿತು. ಎರಡನೆಯದಕ್ಕೂ "ಹಂದಿಗೆ" ಅಂದ. ಕೂರಲಿಲ್ಲ. ಮೂರನೆಯದಕ್ಕೆ ಅಂದ, ನಾಲ್ಕನೆಯದಕ್ಕೆ ಅಂದ. ಮೂರೂ ಸೂರಿನ ಕೆಳಗೆ ತಿರುಗತೊಡಗಿದವು. "ನೆನಪು ಮಾಡ್ಕೋ ಬಂಡೆಪ್ಪ," ಎಂದ ಯಂಕೋಬಪ್ಪ. ಅಣ್ಣ ರೇಗಿದ, "ನೆನಪು ಮಾಡ್ಕೊಳ್ಳಾಕ ಏನೈತಿ? ಒಂದ್ ನಾ ಹೊಡದೆ, ಉಳಿದಿದ್ದು ಬೆರಳು ಹೊಡೀತು!" ಬಾಗಿಲಲ್ಲಿದ್ದ ಫಕೀರವ್ವ, "ಹಂಗಾರ ಬೆರಳಿಗೇ ಅಂಗೈ ಒಡ್ಡಾಕ ಹೇಳು" ಅಂದಳು. ಜನ ನಕ್ಕರು. ಯಂಕೋಬಪ್ಪ ನಗಲಿಲ್ಲ. ನಮ್ಮೂರ ಕಟ್ಟಳೆ ಅವನಿಗೂ ಗೊತ್ತು, ನಮಗೂ ಗೊತ್ತು. ಯಾರ ಮನೆಯಲ್ಲಿ ಗುಂಡು ಕೂರುವುದಿಲ್ಲವೋ ಆ ಮನೆಯವರು ಕಣದಲ್ಲಿ ರಾಶಿಪೂಜೆ ಆಗುವುದರೊಳಗೆ ಗುಂಡಿನ ಸಮೇತ ಊರು ಬಿಡಬೇಕು. ಯಾತಕ್ಕೆ ಹೊಡೆದೆ ಎಂದು ಹೇಳಲಾಗದವನ ಪಕ್ಕದಲ್ಲಿ ಮಲಗಿ ನಿದ್ದೆ ಮಾಡುವುದು ಹೇಗೆ, ಎನ್ನುತ್ತಿದ್ದರು ಹಿಂದಿನವರು.

ಮನೆ ಎಂದರೆ ಅಣ್ಣ, ಅತ್ತಿಗೆ ಸಂಕವ್ವ, ತೊಟ್ಟಿಲಲ್ಲಿ ಅವರ ಹೆಣ್ಣು ಕೂಸು, ಮತ್ತೆ ನಾನು. ಸಂಕವ್ವ ಕಂಬಳಿ ನೇಯುವವಳು. ಅವಳ ಮಗ್ಗ ನಡುಮನೆಯಲ್ಲೇ ಇತ್ತು, ಅವಳು ನೇಯ್ದ ಕಂಬಳಿಯಲ್ಲಿ ಮಳೆನೀರು ನಿಲ್ಲುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಅದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ನಾಚಿಕೊಳ್ಳುವ ಜಾತಿಯಲ್ಲ ಅವಳು. ಸಾರಿನಲ್ಲಿ ಗುಂಡು ಬೀಳದಂತೆ ಗಡಿಗೆಗೆ ಮುಚ್ಚಳ ಹಾಕಿ ಉಣ್ಣುವುದನ್ನು ನಾವು ಕಲಿತೆವು. ನಾಲ್ಕನೆಯ ಗುಂಡು ಮಾತ್ರ ತೊಟ್ಟಿಲ ಮೇಲೇ ತಿರುಗುತ್ತಿತ್ತು. ಕೂಸು ಅದನ್ನು ಆಟಿಕೆ ಎಂದು ತಿಳಿದು ಕೈಯೆತ್ತಿ ನಗುತ್ತಿತ್ತು. ಅದು ನಗುವಾಗಲೆಲ್ಲ ಅಣ್ಣ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ದಿನ ಅತ್ತಿಗೆ ಬಂದೂಕನ್ನು ಗೂಟದಿಂದ ಇಳಿಸಿ ಮಗ್ಗದ ಮೇಲೆ ಅಡ್ಡ ಇಟ್ಟಳು. "ಏನ್ ಮಾಡ್ತಿ ಅದನ್ನ? ನೇಯ್ತೀಯೇನು?" ಎಂದ ಅಣ್ಣ. "ನಿನ್ನ ಕೇಳಿದೆ, ನೀ ಹೇಳಲಿಲ್ಲ. ಈಗ ಇದನ್ನ ಕೇಳ್ತೀನಿ. ಹೊಡದಾಗ ಇದೂ ಅಲ್ಲೇ ಇತ್ತಲ್ಲ." ಊರು ಬಿಡುವ ಮನಸ್ಸು ಅವಳಿಗೆ ಇರಲಿಲ್ಲ. "ನನ್ನ ಮಗ್ಗದ ಕಂಬ ಈ ನೆಲದಾಗ ಹುಗದಾವ. ನಾ ಹೋಗಂಗಿಲ್ಲ, ನನ್ನ ಕೂಸೂ ಹೋಗಂಗಿಲ್ಲ" ಎಂದು ಒಂದೇ ಸಲ ಹೇಳಿದಳು.

ಮೊದಲು ಅವಳು ಬಂದೂಕನ್ನು ಇದ್ದ ಹಾಗೇ ಹಳೆ ಕಲ್ಲುಗಣಿಗೆ ಒಯ್ದಳು. ಸುಣ್ಣ ಬಳಿದ ಸೋರೆಬುರುಡೆಯನ್ನು ನಾನು ಮಣ್ಣಿನ ದಿಬ್ಬಕ್ಕೆ ಒರಗಿಸಿ ಇಟ್ಟು ಅವಳ ಹಿಂದೆ ಬಂದು ನಿಂತೆ. ಹೊಟ್ಟು ತುಂಬಿದ ಚೀಲದ ಮೇಲೆ ಬಂದೂಕು ಒರಗಿಸಿ ಹೊಡೆದಳು. ಎಲ್ಲ ಗುಂಡೂ ಬುರುಡೆಯ ಎಡಕ್ಕೇ ಹೋದವು, ಹೆಚ್ಚುಕಡಿಮೆ ಒಂದು ಮೊಳ. "ಇದು ನನ್ನ ಕೈಯಲ್ಲ, ದ್ಯಾಮಣ್ಣ. ನನ್ನ ಕೈಯಾದ್ರ ಒಂದ್ ಅತ್ತ ಒಂದ್ ಇತ್ತ ಹೋಗಬೇಕಿತ್ತು. ಇದು ಒಂದೇ ಹಟ ಹಿಡದೈತಿ" ಎಂದಳು. ಮನೆಗೆ ಬಂದು ಒಂದು ಎಳೆ ಉಣ್ಣೆಯ ನೂಲು ತೆಗೆದು, ನಳಿಗೆಗೂ ಅದರ ಕೆಳಗಿನ ಕಟ್ಟಿಗೆಗೂ ನಡುವೆ ಹಾಕಿ ಎಳೆದಳು. ಒಂದು ಕಡೆ ನೂಲು ಸರಾಗ ಬಂತು, ಇನ್ನೊಂದು ಕಡೆ ಸಿಕ್ಕಿಕೊಂಡಿತು. ಮಂಜಿಗೆ ಕಟ್ಟಿಗೆ ಉಬ್ಬಿ ನಳಿಗೆಯನ್ನು ಎಡಕ್ಕೆ ಒತ್ತುತ್ತಿತ್ತು. ಮಗ್ಗದ ಕಟ್ಟಿಗೆ ಉಬ್ಬಿದರೆ ಹಾಸು ಸೊಟ್ಟಗಾಗುತ್ತದಲ್ಲ, ಹಾಗೇ. ಗಾಜಿನ ಚೂರಿನಿಂದ ಹೆರೆದಳು, ನೂಲು ಹಾಕಿ ನೋಡಿದಳು, ಮತ್ತೆ ಹೆರೆದಳು. ನೂಲು ತುದಿಯಿಂದ ತುದಿಗೆ ಹಾವಿನ ಹಾಗೆ ಜಾರಿದ ಮೇಲೆ ಎಣ್ಣೆ ಸವರಿ ಬಿಸಿಲಿಗಿಟ್ಟಳು. ತಿರುಪುಗಳನ್ನು ಬಿಗಿ ಮಾಡಿದಳು. ಸಿಕ್ಕಾಪಟ್ಟೆ ಅಲ್ಲ, ಎಲ್ಲವನ್ನೂ ಒಂದೇ ಸಮ. ಒಳಗೆ ಕಟ್ಟಿದ್ದ ಹೊಗೆಯ ಮಸಿಯನ್ನು ಕೋಳಿಗರಿಯಿಂದ ತೆಗೆದಳು.

ಆಮೇಲೆ ಅವಳು ಕಲಿತದ್ದನ್ನು ನೋಡುವ ಭಾಗ್ಯ ನನ್ನದಾಯಿತು. ಗುರಿ ತಪ್ಪಿದವು ಮರುದಿನ ಮಧ್ಯಾಹ್ನ ಸಾಲಾಗಿ ಬರುತ್ತಿದ್ದವು. ಅವಳು ಮಗ್ಗದಿಂದ ಏಳುತ್ತಲೇ ಇರಲಿಲ್ಲ. ಬಲಗೈಯಲ್ಲಿ ಲಾಳಿ ಹಿಡಿದೇ ಎಡ ಅಂಗೈ ಒಡ್ಡುತ್ತಿದ್ದಳು. "ನೀ ಬುರುಡಿಗೇ ಹೊಂಟಿದ್ದಿ. ನಾ ಕುದುರಿ ಜಗ್ಗಿದೆ, ಒತ್ತಲಿಲ್ಲ. ಕೂಡು." ಕೂರುತ್ತಿತ್ತು. "ನೀ ಹೊರಡೂದರಾಗ ನಾ ಕೆನ್ನಿ ಎತ್ತಿದೆ, ಬಿತ್ತೋ ಇಲ್ಲೋ ನೋಡಾಕ. ನಂದ ತಪ್ಪು, ಕೂಡು." ಅದೂ ಕೂರುತ್ತಿತ್ತು. "ನಿನ್ನ ಬಾಗಿಲ ನಾ ಮೆಲ್ಲಕ ಮುಚ್ಚಿದ್ದೆ, ಸಪ್ಪಳ ಆಗಬಾರದಂತ. ನೀ ಸರಿ ಕೂತಿರಲಿಲ್ಲ." ಆ ಬಂದೂಕಿನ ಬಾಗಿಲನ್ನು, ಎಂದರೆ ತೋಟೆಯ ಹಿಂದಿನ ಅಗುಳಿಯನ್ನು, ಹಿಂದಕ್ಕೆಳೆದು ಪೂರ್ತಿ ಬಿಟ್ಟುಬಿಡಬೇಕು, ಅದು ತನ್ನ ಬಲದಲ್ಲೇ ಹೋಗಿ ಕೂರಬೇಕು, ಕೈ ಹಿಡಿದು ನಡೆಸಿದರೆ ಅರ್ಧಕ್ಕೆ ನಿಲ್ಲುತ್ತದೆ. ಇದನ್ನು ಅವಳಿಗೆ ಕಲಿಸಿದ್ದು ಮನೆಗೆ ಬಂದ ಗುಂಡೇ. ನೆರೆಯವರು ಎಲೆಯಡಿಕೆ ತಟ್ಟೆ ಹಿಡಿದು ಬಂದು ನಮ್ಮ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ತಪ್ಪೊಪ್ಪಿಕೊಳ್ಳುವುದನ್ನು ಅಷ್ಟು ಜಂಬದಿಂದ ಮಾಡಿದವರನ್ನು ನಾನು ಮತ್ತೆ ಕಂಡಿಲ್ಲ.

ಅವಸರ ಮಾತ್ರ ಅವಳನ್ನೂ ಕಾಡಿತು. ಒಂದು ಹೊಡೆದ ಕೂಡಲೇ ಇನ್ನೊಂದು ತಾನಾಗಿ ತಯಾರಾಗಿ ನಿಂತಾಗ ಬೆರಳು ತಡೆಯುವುದಿಲ್ಲ. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಪ್ರತಿ ಗುಂಡಿನ ನಂತರ ಬಂದೂಕು ಚೀಲದ ಮೇಲೆ ಮೊದಲಿನ ಜಾಗಕ್ಕೇ ಬಂದು ಕೂರುವ ತನಕ ಕುದುರೆಯಿಂದ ಬೆರಳು ತೆಗೆದು, "ಯಾತಕ್ಕ?" ಎಂದು ಬಾಯಿ ಬಿಟ್ಟು ಕೇಳಿಕೊಳ್ಳುತ್ತಿದ್ದಳು. "ಬುರುಡಿಗೆ" ಎಂದು ಉತ್ತರ ಹೇಳಿ ಆಮೇಲೆಯೇ ಬೆರಳು ಇಡುತ್ತಿದ್ದಳು. ನಳಿಗೆ ಬಿಸಿಯಾದರೆ ಸಂಚಿ ಬಿಚ್ಚಿ ಎಲೆ ಹಾಕಿಕೊಂಡು ಅದು ಆರುವ ತನಕ ನನ್ನ ಮದುವೆಯ ಮಾತು ತೆಗೆಯುತ್ತಿದ್ದಳು. ಬರಬರುತ್ತ ನಮ್ಮ ಮನೆಗೆ ಬರುವ ಗುಂಡುಗಳು ಕಡಿಮೆಯಾದವು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಜನ ಕಾದು ಕೂತರು, ಓಣಿಯಲ್ಲಿ ಏನೂ ಬರಲಿಲ್ಲ. ಹಿಂದಿನ ದಿನ ಹೊಡೆದವೆಲ್ಲ ಒಂದೇ ಬುರುಡೆಯಲ್ಲಿ, ಒಂದು ರೊಟ್ಟಿಯ ಚೂರಿನಿಂದ ಮುಚ್ಚುವಷ್ಟು ಜಾಗದಲ್ಲಿ ಕೂತಿದ್ದವು. ಫಕೀರವ್ವ ಸೆರಗು ಕೊಡವಿ ಎದ್ದಳು, "ಇಷ್ಟ್ ಛಲೋ ಹೊಡದ್ರ ನಮಗ ಹೊತ್ತು ಹ್ಯಾಂಗ ಹೋಗಬೇಕಬೇ?"

ಆಗ ಸಂಕವ್ವ ಗಂಡನನ್ನು ಹೊಲಕ್ಕೆ ಕರೆದೊಯ್ದಳು. ಅಷ್ಟರಲ್ಲಿ ಊರಿನ ಹೊಲಗಳಲ್ಲಿ ಕೊಯ್ಲು ನಡೆದಿತ್ತು. ನಮ್ಮದು ಮಾತ್ರ ನಿಂತಿತ್ತು, ಊರು ಬಿಡುವವರು ಯಾಕೆ ಕೊಯ್ಯಬೇಕು ಎನ್ನುತ್ತಿದ್ದ ಅಣ್ಣ. ಗುಂಡು ಮನೆಗೆ ಮರಳಿದರೂ ಅದು ಮಾಡಿದ ಗಾಯ ಅಲ್ಲೇ ಇರುತ್ತದೆ. ಎರಡನೆಯದರ ತೂತು ಒಂದು ಹುತ್ತದಲ್ಲಿ ಸಿಕ್ಕಿತು. ಆ ದಿನ ಬಂದೂಕು ಎಡಕ್ಕೆ ಎಸೆಯುತ್ತಿತ್ತಲ್ಲ, ಅತ್ತಿಗೆ ತೂತಿನಿಂದ ಬಲಕ್ಕೆ ಒಂದು ಮೊಳ ಅಳೆದು ಕೋಲು ನೆಟ್ಟಳು. "ಬಂದೂಕಿನ ತಪ್ಪು ಇಷ್ಟು. ಇನ್ನ ಉಳಿದಿದ್ದು ನಿಂದು. ಇಲ್ಲಿ ಏನಿತ್ತು?" ಅಣ್ಣ ಅಟ್ಟಣೆಯ ಮೇಲಿನಿಂದ ಕೋಲನ್ನು ನೋಡಿದ. "ಮೊದಲ್ನೇದು ಹೊಡದಾಗ ಹಂದಿ ಅಲ್ಲಿತ್ತು. ಎರಡನೇದಕ್ಕ... ಹೋಗಿತ್ತು." ಮೂರನೆಯದರ ಗಾಯ ಬೇವಿನ ಮರದ ತುದಿಯಲ್ಲಿತ್ತು, ಕಾಗೆ ಕೂರುವ ಎತ್ತರದಲ್ಲಿ. ಎರಡನೆಯ ಗುಂಡಿಗೆ ಒದ್ದು ಮೇಲೆದ್ದ ಬಂದೂಕು ಇನ್ನೂ ಇಳಿದೇ ಇರಲಿಲ್ಲ. ಮನೆಗೆ ಬಂದು ಅಣ್ಣ ಅಂಗೈ ಒಡ್ಡಿದ. "ಹಂದಿ ಬಿಟ್ಟುಹೋದ ಜಾಗಕ್ಕ" ಅಂದ, ಒಂದು ಕೂತಿತು. "ಯಾತಕ್ಕೂ ಅಲ್ಲ, ಬೆರಳ ತಡೀಲಿಲ್ಲ" ಅಂದ, ಇನ್ನೊಂದು ಕೂತಿತು. ನಾವು ಹಬ್ಬದ ಹಾಗೆ ಹೋಳಿಗೆ ತಿಂದೆವು. ಅಣ್ಣ ಮುಟ್ಟಲಿಲ್ಲ. ತೊಟ್ಟಿಲ ಮೇಲಿನದು ತಿರುಗುತ್ತಲೇ ಇತ್ತು.

ನಾಲ್ಕನೆಯದರ ಗಾಯ ಎಲ್ಲೂ ಸಿಗಲಿಲ್ಲ. ಅತ್ತಿಗೆ ಬದು ಬದು ಹುಡುಕಿದಳು, ಕಲ್ಲು ಕಲ್ಲು ತಡವಿದಳು. ಅಣ್ಣನನ್ನು ಕೇಳಿದರೆ, "ಗೊತ್ತಿಲ್ಲ ಅಂದ್ರ ಗೊತ್ತಿಲ್ಲ!" ಎಂದು ತಾಟು ಸರಿಸಿ ಎದ್ದುಬಿಡುತ್ತಿದ್ದ. ರಾಶಿಪೂಜೆಗೆ ಯಂಕೋಬಪ್ಪ ದಿನ ಗೊತ್ತುಮಾಡಿದ. ನಮ್ಮ ಮನೆಯ ಮುಂದೆ ಬಂದು, ತಲೆ ತಗ್ಗಿಸಿ, "ಗಾಡಿ ಬೇಕಾದ್ರ ನಂದು ಒಯ್ಯಿರಿ" ಎಂದು ಹೇಳಿಹೋದ. ಅವನಿಗೂ ಸಂಕಟವೇ.

ಆ ಸಂಜೆ ಚಳಿಗೆ ನಾನು ಕಂಬಳಿ ಹೊದ್ದು ಕೂತಿದ್ದೆ. ಅತ್ತಿಗೆ ದೀಪಕ್ಕೆ ಎಣ್ಣೆ ಹಾಕಲು ಬಂದವಳು ನನ್ನ ಹೆಗಲ ಹತ್ತಿರ ನಿಂತಳು. "ಇದ್ಯಾರು ಹೊಲದಿದ್ದು, ಇಷ್ಟ್ ಅಸಹ್ಯವಾಗಿ?" "ನಾನ, ಅತ್ತಿಗೆವ್ವ. ಇಲಿ ಕಡಿದಿತ್ತು." ಅವಳು ನಾನು ಹಾಕಿದ ಹೊಲಿಗೆ ಬಿಚ್ಚಿ, ಕಂಬಳಿಯನ್ನು ದೀಪಕ್ಕೆ ಹಿಡಿದು ನೋಡಿದಳು. ಇಲಿ ಕಡಿದರೆ ಎಳೆ ಜೂಲಾಗುತ್ತದೆ, ಮುಳ್ಳು ಹರಿದರೆ ಉದ್ದಕ್ಕೆ ಸೀಳುತ್ತದೆ, ಕೆಂಡ ಬಿದ್ದರೆ ಸುತ್ತ ಗಂಟುಗಟ್ಟುತ್ತದೆ, ಈ ತೂತಾದರೆ ನುಣ್ಣಗೆ ದುಂಡಗಿತ್ತು, ಇದನ್ನೆಲ್ಲ ಅವಳು ಆಮೇಲೆ ನನಗೆ ಹೇಳಿದ್ದು. ಆಗ ಮಾತ್ರ ತೂತಿನಲ್ಲಿ ಕಿರುಬೆರಳು ತೂರಿಸಿ ಅದರ ಅಂಚನ್ನು ತಡವಿದಳು. "ಆವತ್ತು ಡಬ್ಬ ಬಡಕೋತ ನೀ ಎಲ್ಲಿಂದ ಬಂದಿ?" "ಜಾಲಿಗಿಡದ ಬಾಜೂಕಿಂದ." "ಹೂಂ" ಎಂದು ಕಂಬಳಿಯನ್ನು ನನಗೇ ಹೊದಿಸಿದಳು. ತೂತನ್ನು ಹೊಲಿಯಲಿಲ್ಲ.

ಮರುದಿನ ಬೆಳಗ್ಗೆ ಅವಳು ಅಣ್ಣನನ್ನು ಅಟ್ಟಣೆಗೆ ಕರೆದೊಯ್ದಳು. ಹೋಗುವ ಮುಂಚೆ ನನಗೆ, "ಹೊತ್ತು ಮೂಡಿದ ಮ್ಯಾಲೆ ಜಾಲಿಗಿಡದ ಕಡೆಯಿಂದ ಬುತ್ತಿ ತಗೊಂಡು ಬಾ. ಕಂಬಳಿ ಹೊದಕೊಂಡ ಬಾ, ಮಂಜು ಐತಿ" ಎಂದಳು. ನನ್ನ ಕಣ್ಣೆದುರಿಗೇ ಬಂದೂಕಿನ ತೋಟೆಗಳನ್ನೆಲ್ಲ ತೆಗೆದು ಬುತ್ತಿಯ ಬುಟ್ಟಿಯಲ್ಲಿ ಹಾಕಿ, "ಇವನ್ನೂ ನೀನ ಹೊತ್ಕೊಂಡು ಬಾ" ಅಂದಳು. ನನಗೆ ಅರ್ಥವಾಗಲಿಲ್ಲ. ಅವಳ ಮಾತಿಗೆ ಎದುರಾಡಿ ಗೊತ್ತಿಲ್ಲ, ಹೊರಟೆ.

ಜೋಳ ನನ್ನ ತಲೆಯಷ್ಟು ಎತ್ತರ ಇತ್ತು. ದಂಟು ಸರಿಸಿಕೊಂಡು ಬರುತ್ತಿದ್ದೆ. ಅಟ್ಟಣೆಯಿಂದ ಅತ್ತಿಗೆಯ ದನಿ ಕೇಳಿತು, ಮೆಲ್ಲಗೆ, "ಅಲ್ಲಿ ನೋಡು, ದಂಟು ಅಲ್ಲಾಡಾಕತ್ತೈತಿ. ಹಂದಿ." ಆಮೇಲೆ ಕೇಳಿದ್ದು ಅಣ್ಣನ ದನಿ. ಅಂಥ ದನಿಯನ್ನು ಅವನ ಬಾಯಿಂದ ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. "ಹೊಡೀಬ್ಯಾಡ! ಸಂಕೀ, ಹೊಡೀಬ್ಯಾಡ! ದ್ಯಾಮ ಅದಾನ ಅಲ್ಲಿ! ನನ್ನ ತಮ್ಮ ಅದಾನ!" ನಾನು ಬುಟ್ಟಿ ಹೊತ್ತು ಬದುವಿಗೆ ಬಂದಾಗ ಅಣ್ಣ ಅಟ್ಟಣೆಯ ಏಣಿಯನ್ನು ಅರ್ಧ ಇಳಿದು ಅಲ್ಲೇ ಜೋತು ಬಿದ್ದಿದ್ದ. ಅತ್ತಿಗೆ ಖಾಲಿ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಮೇಲೆ ಕೂತಿದ್ದಳು. "ಜೋಳದಾಗಿಂದ ಅವನಿನ್ನೂ ಹೊರಗ ಬಂದಿರಲಿಲ್ಲ," ಎಂದಳು. "ನಿನಗ ಹ್ಯಾಂಗ ಗೊತ್ತಾತು?"

ಅಣ್ಣ ಏಣಿಗೆ ಹಣೆ ಹಚ್ಚಿದ. "ಹೊಡದ ಮ್ಯಾಲೆ ಕಂಬಳಿ ಕಾಣಿಸ್ತು. ಹೊಡದ ಮ್ಯಾಲೆ."

ಆ ಮಧ್ಯಾಹ್ನ ಬಾಗಿಲಲ್ಲಿ ಜನ ಇರಲಿಲ್ಲ, ಎಲ್ಲರೂ ಕಣದಲ್ಲಿದ್ದರು. ಯಂಕೋಬಪ್ಪನನ್ನು ಮಾತ್ರ ಅತ್ತಿಗೆ ಕರೆಸಿದ್ದಳು. ಅಣ್ಣ ತೊಟ್ಟಿಲ ಪಕ್ಕ ಕೂತು ಅಂಗೈ ಒಡ್ಡಿದ. ನಾನು ಎದುರಿಗೆ ಕೂತೆ, ಅವನೇ ಕೂರು ಅಂದಿದ್ದ. "ನನ್ನ ತಮ್ಮಗ," ಅಂದ. ಗುಂಡು ತಿರುಗುವುದನ್ನು ನಿಲ್ಲಿಸಿತು, ಆದರೆ ಇಳಿಯಲಿಲ್ಲ. "ಹಂದಿ ಅಂತ ತಿಳಕೊಂಡು, ತಮ್ಮಗ." ಇಳಿಯಲಿಲ್ಲ. ಕೂಸು ಕೈಯೆತ್ತಿ ಕಿಲಕಿಲ ಎಂದಿತು. ಯಂಕೋಬಪ್ಪ ಕಣ್ಣು ಮುಚ್ಚಿಕೊಂಡ. ಸಂಕವ್ವ ಮಗ್ಗದ ಹತ್ತಿರ ನಿಂತವಳು ಗಣಿಯಲ್ಲಿ ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದ ದನಿಯಲ್ಲೇ ಕೇಳಿದಳು, "ಯಾತಕ್ಕ?"

ಅಣ್ಣ ನನ್ನ ಮುಖ ನೋಡಿದ. "ಅಲ್ಲಾಡಿದ್ದಕ್ಕ," ಅಂದ. "ಹಂದಿ ಅಂತಲೂ ತಿಳಕೊಂಡಿರಲಿಲ್ಲ. ಏನಂತ ನೋಡಲೇ ಇಲ್ಲ. ಬರೇ ಅಲ್ಲಾಡಿದ್ದಕ್ಕ ಹೊಡದೆ."

ಗುಂಡು ಮೆಲ್ಲಗೆ ಇಳಿಯಿತು. ಕೂಸಿನ ಬೆರಳುಗಳ ಪಕ್ಕದಿಂದ ಹಾದು ಬಂದು ಅವನ ಅಂಗೈಯಲ್ಲಿ ಕೂತಿತು. ಅಣ್ಣ ಅದನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಹಿಡಿದು "ತಣ್ಣಗೈತಿ" ಅಂದೆ. ಯಂಕೋಬಪ್ಪ ಮೂಗು ಒರೆಸಿಕೊಂಡು ಎದ್ದ. "ನನ್ನ ಗಾಡಿ ನನ್ನ ಹತ್ರನ ಇರಲಿ ಹಂಗಾರ. ಕಣಕ್ಕ ಬರ್ರಿ, ನಿಮ್ಮ ಜೋಳ ಇನ್ನೂ ನಿಂತೈತಿ, ನಾಚಿಕಿಲ್ಲ ನಿಮಗ?"

ಹಂದಿಯ ಕಥೆ ಬಾಕಿ ಉಳಿಯಬಾರದು. ನಮ್ಮ ಹೊಲದ ಕಡೆಯ ಸಾಲು ಕೊಯ್ಯುವ ದಿನ ಅದು ದಂಟಿನಿಂದ ಹೊರಬಿತ್ತು. ಅಟ್ಟಣೆಯ ಮೇಲೆ ಸಂಕವ್ವ, ಪಕ್ಕದಲ್ಲಿ ಅಣ್ಣ. ದಂಟು ಅಲ್ಲಾಡಿದಾಗ ಅವಳು ಹೊಡೆಯಲಿಲ್ಲ. ಮೂತಿ ಕಂಡಾಗಲೂ ಹೊಡೆಯಲಿಲ್ಲ. ಅದು ಬಯಲಿಗೆ ಬಂದು, ಪಕ್ಕೆ ತೋರಿಸಿ, ಹಿಂದೆ ಮಣ್ಣಿನ ದಿಬ್ಬ ಬಿಟ್ಟು ಬೇರೇನೂ ಇಲ್ಲ ಎಂದಾದಾಗ ಅವಳ ತುಟಿ ಅಲ್ಲಾಡಿದ್ದನ್ನು ಕೆಳಗಿನಿಂದ ನಾನು ನೋಡಿದೆ. ಒಂದೇ ಸಪ್ಪಳ. ಹಂದಿ ನಿಂತಲ್ಲೇ ಮಗ್ಗುಲಾಯಿತು. ಬಂದೂಕು ಮುಂದಿನ ತೋಟೆ ನುಂಗಿ ತಯಾರಾಗಿ ನಿಂತಿತ್ತು. ಅವಳ ಕೆನ್ನೆ ಇನ್ನೂ ಕಟ್ಟಿಗೆಯ ಮೇಲೇ ಇತ್ತು, ಬೆರಳು ಮಾತ್ರ ಹೊರಗಿತ್ತು. "ಇನ್ನೊಂದು?" ಎಂದ ಅಣ್ಣ. "ಯಾತಕ್ಕ?" ಎಂದಳು.

ಈಗ ಅವರಿಬ್ಬರೂ ಹಣ್ಣಾಗಿದ್ದಾರೆ, ನಾನೂ ಆಗಿದ್ದೇನೆ. ಆ ಕೂಸು ತನ್ನ ಕೂಸುಗಳನ್ನು ಅದೇ ತೊಟ್ಟಿಲಲ್ಲಿ ತೂಗಿದ್ದಾಳೆ. ಸಂಕವ್ವನ ಬಾಗಿಲಿಗೆ ಗುಂಡು ಬಂದದ್ದನ್ನು ಊರು ಮರೆತಿದೆ, ಮೇಲಿನ ಬಾಗಿಲು ಮಾತ್ರ ರೂಢಿಯಿಂದ ತೆರೆದೇ ಇರುತ್ತದೆ. ಮೊನ್ನೆ ಊಟವಾಗಿ ಕೂತಿದ್ದಾಗ ಆ ಬಾಗಿಲಿಂದ ಗುಂಯ್ ಎನ್ನುತ್ತ ಒಂದು ಕಪ್ಪನೆಯದು ಒಳಗೆ ಬಂತು. ಅಣ್ಣ ಅದರತ್ತ ಅಂಗೈ ಒಡ್ಡಿದ. "ಕಣ್ಣು ಮಂಜಾತೇನು? ದುಂಬಿ ಅದು" ಎಂದಳು ಸಂಕವ್ವ ಮಗ್ಗದಿಂದಲೇ.

"ಗೊತ್ತೈತಿ," ಎಂದ ಅಣ್ಣ, ಕೈ ಹಿಂದೆಗೆಯದೆ. "ನೋಡೇ ಒಡ್ಡೀನಿ."